ಕಷ್ಟದ ಜೊತೆಗೇ ಹುಟ್ಟಿದವರು ನಾವು



ಕಷ್ಟ ಬಂದಾಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು, 'ನನಗೇ ಏಕೆ ಹೀಗಾಯಿತು?' ಪವಿತ್ರ ಕುರ್‌ಆನಿನ 90ನೇ ಅಧ್ಯಾಯ ಅಲ್ ಬಲದ್ ಈ ಪ್ರಶ್ನೆಯ ಬುಡಕ್ಕೇ ಕೈ ಹಾಕುತ್ತದೆ. ಮನುಷ್ಯನ ಸೃಷ್ಟಿಯೇ 'ಕಬದ್'ನಲ್ಲಿ, ಅಂದರೆ ಪ್ರಯಾಸದ ನಡುವೆ ಆಗಿದೆ ಎಂದು ಅದು ತಿಳಿಸುತ್ತದೆ. ಕಷ್ಟವೆಂಬುದು ದಾರಿ ತಪ್ಪಿ ನಮ್ಮ ಮನೆಗೆ ಬಂದ ಅತಿಥಿಯೇನೂ ಅಲ್ಲ.

ನಮ್ಮ ಆರಂಭವನ್ನೇ ನೋಡಿ. ಹಿರಾ ಗುಹೆಯಲ್ಲಿ ಮೊದಲು ಅವತೀರ್ಣವಾದ ವಚನಗಳು ಓದಲು ಆದೇಶಿಸಿದವು. ಬೆನ್ನಿಗೇ, ಮನುಷ್ಯ 'ಅಲಕ್'ನಿಂದ ಸೃಷ್ಟಿಯಾದವನೆಂದು ನೆನಪಿಸಿದವು. ಈ ಪದವನ್ನು 'ಹೆಪ್ಪುಗಟ್ಟಿದ ರಕ್ತ' ಎಂದು ಅನುವಾದಿಸುವುದುಂಟು. ಅಂಟಿಕೊಳ್ಳುವಂಥದ್ದು ಎಂಬ ಅರ್ಥವೂ ಅದಕ್ಕಿದೆ. ಗರ್ಭ ಕಟ್ಟಿ ಸುಮಾರು ಒಂದು ವಾರವಾಗುವಾಗ ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. (ಇಷ್ಟನ್ನೇ ಹಿಡಿದುಕೊಂಡು ಕುರ್‌ಆನನ್ನು ಜೀವಶಾಸ್ತ್ರದ ಪಠ್ಯಪುಸ್ತಕ ಮಾಡುವವರ ಉತ್ಸಾಹ ನನಗಿಲ್ಲ.) ಇನ್ನೊಬ್ಬರ ಒಡಲಿಗೆ ಅಂಟಿಕೊಂಡು ಬದುಕು ಆರಂಭಿಸಿದವನಿಗೆ ಅಹಂಕಾರ ಎಲ್ಲಿಂದ ಬರಬೇಕು?

ಆ ಒಡಲಿನ ಕಷ್ಟವನ್ನೂ ಕುರ್‌ಆನ್ ಮರೆತಿಲ್ಲ. ಹೊತ್ತದ್ದು, ಹೆತ್ತದ್ದು, ಹಾಲು ಬಿಡಿಸಿದ್ದು, ಎಲ್ಲ ಸೇರಿ 30 ತಿಂಗಳೆಂದು 46ನೇ ಅಧ್ಯಾಯ ಲೆಕ್ಕ ಕೊಡುತ್ತದೆ. ಹಝ್ರತ್ ಮರ್ಯಮ್‌ರ(ಅ) ವೃತ್ತಾಂತವಂತೂ ಕಣ್ಣು ತೇವಗೊಳಿಸುವಂಥದ್ದು. ಒಂಟಿ ಹೆಣ್ಣು, ಹೆರಿಗೆ ನೋವು, ಆಸರೆಗೆ ಒಂದು ಖರ್ಜೂರದ ಮರ. ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತೆಂದು ಅವರು ಹಲುಬುತ್ತಾರೆ. ಅದಕ್ಕಾಗಿ ಅಲ್ಲಾಹನು ಅವರನ್ನು ಗದರಿಸಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು, ಕಾಲ ಬಳಿ ನೀರು ಹರಿಯಿತು. ಆದರೆ ಖರ್ಜೂರ ಮಾತ್ರ ತಾನಾಗಿ ಬಾಯಿಗೆ ಬೀಳಲಿಲ್ಲ. ಆ ನಿತ್ರಾಣದಲ್ಲೂ ಮರವನ್ನು ಅಲುಗಾಡಿಸಲು ಹೇಳಲಾಯಿತು. ಪರೀಕ್ಷೆಯಲ್ಲಿ ಫೇಲಾಗಿ, 'ಹಣೆಬರಹ' ಎಂದು ಪುಸ್ತಕ ಮುಚ್ಚಿಟ್ಟ ವಿದ್ಯಾರ್ಥಿಗಳು ಈ ಮರವನ್ನು ಸ್ವಲ್ಪ ನೆನೆಯಲಿ.

ಇನ್ನೊಂದು ಮಾತು, ಹಿರಿಯರಿಗೆ. ಗರ್ಭಪಾತವಾದ ಸೊಸೆಗೆ, ಅಂಗವೈಕಲ್ಯದ ಮಗುವನ್ನು ಹೆತ್ತ ತಾಯಿಗೆ 'ಯಾವ ಪಾಪದ ಫಲವೋ' ಎನ್ನುವವರು ನಮ್ಮಲ್ಲೂ ಇದ್ದಾರೆ. ಈ ತೀರ್ಪು ಕೊಡುವ ಅಧಿಕಾರ ಅವರಿಗೆ ಯಾರು ಕೊಟ್ಟರು? ಪ್ರವಾದಿ ಮುಹಮ್ಮದ್(ಸ) ಹುಟ್ಟುವ ಮೊದಲೇ ತಂದೆಯನ್ನು, ಆರನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರು. ಫಾತಿಮಾ(ರ) ಒಬ್ಬರನ್ನುಳಿದು ತಮ್ಮ ಮಕ್ಕಳೆಲ್ಲರ ಮರಣವನ್ನು ಕಂಡವರು. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅವರ ಕಣ್ಣಲ್ಲಿ ನೀರು ಕಂಡು ಸಂಗಾತಿಯೊಬ್ಬರು ಅಚ್ಚರಿಪಟ್ಟರು. ಇದು ಕರುಣೆ ಎಂಬುದೇ ಪ್ರವಾದಿಯವರ(ಸ) ಉತ್ತರವಾಗಿತ್ತು. ಅದೇ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿಯೇ ಗ್ರಹಣ ಎಂದು ಜನ ಆಡಿಕೊಂಡರು. ಯಾರ ಹುಟ್ಟು ಸಾವಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಪ್ರವಾದಿ(ಸ) ಸ್ಪಷ್ಟವಾಗಿ ತಿದ್ದಿದರು. ಸ್ವಂತ ದುಃಖದ ಗಳಿಗೆಯಲ್ಲೂ ಅದಕ್ಕೊಂದು ಕಲ್ಪಿತ ಕಾರಣ ಕಟ್ಟಲು ಅವರು ಬಿಡಲಿಲ್ಲ.

ನಿಮ್ಮ ಜಮಾಅತಿನಲ್ಲಿ ಅಂಥ ಮನೆಯೊಂದು ಖಂಡಿತ ಇರುತ್ತದೆ. ಈ ವಾರ ಒಮ್ಮೆ ಹೋಗಿ ಬನ್ನಿ. ಉಪದೇಶ ಬೇಡ, ಸ್ವಲ್ಪ ಹೊತ್ತು ಜೊತೆಯಲ್ಲಿ ಕುಳಿತರೆ ಸಾಕು.