ಗಾಳದವರೂ ಗೂನುಬೆನ್ನಿನ ಮೀನೂ
(ಹುಡಗಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹುಡಗಿಯಿಂದ ಕಾವೇರಿ ಬಹು ದೂರ. ಈ ಜಿಲ್ಲೆಯ ಕಾರಂಜಾ ನದಿ ಮಾಂಜ್ರಾವನ್ನು ಕೂಡಿ ಗೋದಾವರಿಗೆ ಹೋಗುತ್ತದೆ. ಆದರೂ ಕಾವೇರಿಯ ಒಂದು ಮೀನಿನ ಕಥೆಯನ್ನು ಕಾರಂಜಾ ಜಲಾಶಯದ ದಡದಲ್ಲಿ ಗಾಳ ಹಿಡಿದು ಕೂರುವವರೆಲ್ಲರೂ ಕೇಳಬೇಕು.

ಆ ಮೀನು ಗೂನುಬೆನ್ನಿನ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದರ ನೆಲೆಯಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅಂತಹ ಮೀನಿಗೆ ಸಿಡಿಮದ್ದು ಮೃತ್ಯುವಾಯಿತು. ಮಡುವಿಗೆ ಒಂದು ತೋಟೆ ಎಸೆದರೆ ದೊಡ್ಡದೂ ಮರಿಯೂ ಒಟ್ಟಿಗೆ ಸಾಯುತ್ತವೆ. ಬುಟ್ಟಿಗೆ ಬರುವುದು ಕೆಲವೇ.

1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಗಾಳದ ಹವ್ಯಾಸಿಗಳ ಸಂಘ ಕಾವೇರಿಯ ಒಂದು ಭಾಗವನ್ನು ಕಾಯತೊಡಗಿತು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಲಿಗಳಲ್ಲಿ ಶಿಬಿರಗಳಾದವು. ಹಿಡಿದ ಮೀನನ್ನು ತೂಗಿ ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿನ ಕಟ್ಟಳೆ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಕೆಲವರು ಹರಿಗೋಲು ನಡೆಸುವ ಮಾರ್ಗದರ್ಶಿಗಳಾಗಿ ಸಂಬಳ ಪಡೆದರು.

ಗಾಲಿಬೋರೆಯ ದಾಖಲೆ ಪುಸ್ತಕವೇ ಈ ಕಥೆಯ ಮುಖ್ಯ ಸಾಕ್ಷಿ. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್‌ಗಳು ಸಿಕ್ಕಿ ಮತ್ತೆ ನದಿ ಸೇರಿದ್ದವು. ಒಟ್ಟು ಸಂಖ್ಯೆ ವರ್ಷವರ್ಷಕ್ಕೆ ಏರಿದುದು ಕಂಡು ಯಾರಿಗಾದರೂ ಸಂತೋಷವಾಗಬೇಕು. ಆದರೆ ಏರಿದುದು ನೀಲಿರೆಕ್ಕೆಯ ಮಹಶೀರ್. ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯ ಉದ್ದೇಶದಿಂದಲೇ ತಂದು ಬಿಟ್ಟ ಜಾತಿ. ಗೂನುಬೆನ್ನಿನದು ವಿರಳವಾಗುತ್ತಾ, ಸಿಕ್ಕವುಗಳ ತೂಕ ಮಾತ್ರ ಹೆಚ್ಚುತ್ತಾ ಹೋಯಿತು. ಮಕ್ಕಳಿಲ್ಲದೆ ಮುದುಕರಷ್ಟೇ ಉಳಿದ ಊರಿನ ಲೆಕ್ಕವದು. ಕಾವಲುಗಾರರೇ ಅರಿಯದೆ ಮಾಡಿದ ಈ ತಪ್ಪನ್ನು ಬಯಲಿಗೆಳೆದುದು ಅವರದೇ ಪುಸ್ತಕ ಎಂಬುದನ್ನೂ ಹೇಳಬೇಕು.

ವನ್ಯಜೀವಿ ಕಾನೂನಿನ ಕಾರಣದಿಂದ ಅಭಯಾರಣ್ಯದೊಳಗಿನ ಗಾಳಗಾರಿಕೆ ನಿಂತಿತು. ಲೆಕ್ಕ ಬರೆಯುವ ಕೈಯೂ ಅದರೊಂದಿಗೆ ನಿಂತಿತು. 2018ರಲ್ಲಿ ಈ ಮೀನು ಟಾರ್ ರೆಮಾದೇವಿಯೈ ಎಂದು ಗುರುತಾಗಿ, ತೀವ್ರ ಅಪಾಯದಲ್ಲಿರುವ ಜಾತಿಗಳ ಜಾಗತಿಕ ಪಟ್ಟಿಗೆ ಸೇರಿತು. ಗಾಳವನ್ನು ನಿಷೇಧಿಸಿದ ಮಾತ್ರಕ್ಕೆ ತೋಟೆ ನಿಲ್ಲದು. ರಾತ್ರಿ ನದಿಯಲ್ಲಿ ಇರುವವರು ಬೇಕು. ಕಟ್ಟಳೆಯುಳ್ಳ ಗಾಳಕ್ಕೆ ಜಾಗ ಉಳಿಸುವುದೇ ಲೇಸು.

ಕಾರಂಜಾದಲ್ಲಿ ಮಹಶೀರ್‌ನ ಮಾತಿಲ್ಲ. ಆದರೆ ಕೆರೆ, ಜಲಾಶಯಗಳಿಗೆ ಕಟ್ಲಾ, ರೋಹು ಬಿತ್ತನೆ ಮರಿಗಳನ್ನು ಬಿಡುವುದು ನಾಡಿನೆಲ್ಲೆಡೆ ರೂಢಿ. ಇಲ್ಲಿನ ಹಳ್ಳಗಳ ಸ್ವಂತ ಮೀನುಗಳು ಯಾವುವು? ವಿದ್ಯಾರ್ಥಿಗಳು ದಡದ ಹಿರಿಯರನ್ನು ಕೇಳಿ ಹೆಸರು, ತೂಕ, ತಿಂಗಳು ಬರೆದಿಡಲಿ. ಮುಂಗಾರಿಗೆ ಮೊದಲೇ ಆರಂಭಿಸಿದರೆ, ಮರಿ ಬಿಡುವ ಮುಂಚಿನ ಲೆಕ್ಕವೂ ಕೈಯಲ್ಲಿರುತ್ತದೆ.