ಸೋತ ಮೂತ್ರಪಿಂಡ, ದುಡಿಯುವ ಯಂತ್ರ
(ದಂಡಿನಶಿವರದ ಸಭೆಯಲ್ಲಿ ಮಾಡಿದ ಭಾಷಣ)



ಎಳನೀರು ನಮ್ಮ ಸೀಮೆಯ ಅಮೃತ. ಬಸವಳಿದು ಬಂದವನಿಗೆ ನಾವು ಮೊದಲು ಕೊಡುವುದೇ ಅದನ್ನು. ಆದರೆ ಮೂತ್ರಪಿಂಡ ಸೋತವನಿಗೆ ಅದೇ ವಿಷವಾದೀತು. ಅದರಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೇರಳ. ಹೊರಹಾಕುವ ಶಕ್ತಿಯಿಲ್ಲದ ದೇಹದಲ್ಲಿ ಅದು ಏರಿದರೆ ಗುಂಡಿಗೆಯೇ ನಿಂತುಹೋಗಬಹುದು. ತೆಂಗಿನ ಸೀಮೆಯವರಾದ ನಾವು ಇದನ್ನು ಅವಶ್ಯ ತಿಳಿದಿರಬೇಕು.

ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಈ ಜರಡಿಯನ್ನು ಸದ್ದಿಲ್ಲದೆ ಕೆಡಿಸುತ್ತವೆ.

ಆಗ ಡಯಾಲಿಸಿಸ್ ಮಾಡುವುದೇನು? ಕಾಯಿಮಟ್ಟೆ ನೆನೆಹಾಕಿದಾಗ ಕಂದು ಬಣ್ಣ ನೀರಿಗಿಳಿಯುತ್ತದೆ. ನೀರು ಬದಲಾಯಿಸಿದರೆ ಇನ್ನಷ್ಟು ಇಳಿಯುತ್ತದೆ. ಯಂತ್ರದ ಗುಟ್ಟೂ ಅದೇ. ರಕ್ತವು ಸಾವಿರಾರು ಟೊಳ್ಳು ಎಳೆಗಳೊಳಗೆ ಹರಿಯುತ್ತದೆ. ಹೊರಗೆ ಹದವಾಗಿ ಲವಣ ಬೆರೆಸಿದ ಶುದ್ಧ ನೀರು ಹರಿಯುತ್ತಲೇ ಇರುತ್ತದೆ. ಕಲ್ಮಶವು ಎಳೆಯ ಸೂಕ್ಷ್ಮ ರಂಧ್ರಗಳಿಂದ ನೀರಿಗೆ ದಾಟುತ್ತದೆ. ರಕ್ತಕಣ ದೊಡ್ಡದಾದ್ದರಿಂದ ಒಳಗೇ ಉಳಿಯುತ್ತದೆ. ಮೈಯಲ್ಲಿ ನಿಂತ ಹೆಚ್ಚಿನ ನೀರನ್ನು ಒತ್ತಡದಿಂದ ಸೆಳೆಯುತ್ತಾರೆ. ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರಿನಷ್ಟು ದ್ರಾವಣ ಬೇಕು. ಆದರೆ ಇದು ರೋಗವನ್ನು ವಾಸಿಮಾಡದು. ರಕ್ತ ಮತ್ತೆ ಕೆಡುತ್ತದೆ. ಆದುದರಿಂದ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಹೋಗಲೇಬೇಕು.

ಈ ಯಂತ್ರ ಹುಟ್ಟಿದ್ದು ಸಿರಿವಂತಿಕೆಯಲ್ಲಲ್ಲ. ಹಾಲೆಂಡು ಜರ್ಮನರ ಹಿಡಿತದಲ್ಲಿದ್ದ 1943ರಲ್ಲಿ, ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವೈದ್ಯ ವಿಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಇದನ್ನು ಕಟ್ಟಿದರು. ಮೊದಲು ಬಂದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಬದುಕಿದಳು. ಯುದ್ಧ ಮುಗಿದ ಮೇಲೆ ಕೋಲ್ಫ್ ತಾವು ಕಟ್ಟಿದ ಯಂತ್ರಗಳನ್ನು ಪರದೇಶದ ಆಸ್ಪತ್ರೆಗಳಿಗೆ ದಾನ ಕೊಟ್ಟರು.

ನಮ್ಮಲ್ಲಿ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯೇ ಅದರ ಉದ್ದೇಶ. ಒಳ್ಳೆಯದೇ. ಆದರೆ ವಾರದ ಆರು ದಿನದ ಕೂಲಿಯಲ್ಲಿ ಮೂರು ದಿನದ್ದು ಹೋಯಿತು. ಜೊತೆಗೆ ಹೋದವರ ಕೂಲಿಯೂ ಹೋಯಿತು. ಬಸ್ಸಿನ ಖರ್ಚು ಬೇರೆ. ಅಂಗಡಿಯವನಾದರೆ ಬಾಗಿಲು ಹಾಕಿದಂತೆಯೇ. ಹೀಗಾದರೆ ಚಿಕಿತ್ಸೆ ಉಚಿತವೆಂಬ ಮಾತಿಗೆ ಅರ್ಥವೇನು?

ಮಿಲ್ಲಿಗೆ ರಾತ್ರಿ ಪಾಳಿ ಉಂಟು. ಡಯಾಲಿಸಿಸ್ಸಿಗೆ ಏಕಿರಬಾರದು? ಸಂಜೆಯ ಪಾಳಿ, ರೋಗಿಗೂ ಜೊತೆಗಾರನಿಗೂ ಬಸ್ಸಿನ ಪಾಸು, ಸೋತ ದಿನಗಳ ಕೂಲಿಗೆ ಪರಿಹಾರ: ಈ ಮೂರನ್ನೂ ನಾವು ಒಟ್ಟಾಗಿ ಕೇಳೋಣ. ಅದಕ್ಕೂ ಮೊದಲು, ಬಂಧುಗಳೇ, ನಾವೆಲ್ಲರೂ ರಕ್ತದೊತ್ತಡ, ಸಕ್ಕರೆಗಳನ್ನು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳೋಣ. ಇರುವ ಜರಡಿಯನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ.