ಹುರಿಗಾಳು ಕೊಟ್ಟು ಪ್ರಶ್ನೆ ಕೊಳ್ಳುವವರು



ಮಕ್ಕಳಿಗೆ ಮನೆ ಕಲಿಸುವ ಮೌಲ್ಯಗಳ ಬಗ್ಗೆ ಎರಡು ದಿನ ಮಾತಾಡಲು ಶಿಕ್ಷಕರೆಲ್ಲ ಸೇರಿದ್ದೇವೆ. ನನ್ನ ಪಾಲಿಗೆ ಬಂದಿರುವುದು ಯೆಹೂದಿ ಮನೆ. ಒಂದು ಎಸಳು ಸೊಪ್ಪಿನಿಂದ ಶುರುಮಾಡುತ್ತೇನೆ.

ಪೆಸಾಖ್ ಹಬ್ಬದ ರಾತ್ರಿ. ಈಜಿಪ್ಟಿನ ಜೀತದಿಂದ ಪೂರ್ವಜರು ಬಿಡುಗಡೆಯಾದ ಕಥೆಯನ್ನು ಊಟದ ಮೇಜಿನ ಸುತ್ತ ಕೂತು ಹೇಳುವ ರಾತ್ರಿ. ಮಕ್ಕಳಿಗೆ ಹೊಟ್ಟೆ ಹಸಿದಿದೆ, ಊಟ ಮಾತ್ರ ಬರುತ್ತಿಲ್ಲ. ಬರುವುದು ಚೂರು ಸೊಪ್ಪು, ಅದನ್ನೂ ಉಪ್ಪುನೀರಿನಲ್ಲಿ ಅದ್ದಿ ತಿನ್ನಬೇಕು. ಮಗು ಮುಖ ಕಿವುಚಿ, “ಇದ್ಯಾಕೆ?” ಎನ್ನುತ್ತದೆ. ದೊಡ್ಡವರು ಕಾದಿದ್ದದ್ದೇ ಅದಕ್ಕೆ. ಉಪ್ಪುನೀರು ಜೀತದಾಳುಗಳ ಕಣ್ಣೀರು ಎಂಬ ಉತ್ತರ ಆಮೇಲಿನದು.

ಯೆಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿ ರಬ್ಬಿ, ಅಂದರೆ ಧರ್ಮಗುರು, ಅಕೀವ ಅವರ ಸಂಗತಿಯೊಂದಿದೆ. ಈ ಹಬ್ಬದ ಸಂಜೆ ಅವರು ಮಕ್ಕಳಿಗೆ ಹುರಿಗಾಳು, ಬೀಜಗಳನ್ನು ಹಂಚುತ್ತಿದ್ದರಂತೆ, ನಿದ್ದೆಗೆ ಜಾರದೆ ಪ್ರಶ್ನೆ ಕೇಳಲಿ ಎಂದು. ನಮ್ಮ ತರಗತಿಗಳಲ್ಲಿ ಜಾಸ್ತಿ ಪ್ರಶ್ನೆ ಕೇಳುವ ಮಗುವಿಗೆ ಏನು ಸಿಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಆ ರಾತ್ರಿ ಕೇಳುವ ಮಗು ಇಲ್ಲದಿದ್ದರೆ ಹೆಂಡತಿ ಕೇಳಬೇಕು, ಒಬ್ಬನೇ ಇದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು, ಎಲ್ಲ ಬಲ್ಲ ಪಂಡಿತರಿಬ್ಬರೇ ಇದ್ದರೂ ಒಬ್ಬರನ್ನೊಬ್ಬರು ಕೇಳಲೇಬೇಕು ಎನ್ನುತ್ತದೆ ಅದೇ ಗ್ರಂಥ.

ಇನ್ನು ಶುಕ್ರವಾರದ ಡಬ್ಬಿ. ಸೂರ್ಯ ಮುಳುಗುವ ಮುಂಚೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನದ, ದೀಪ ಹಚ್ಚಬೇಕು, ಹಚ್ಚಿದ ಮೇಲೆ ಹಣ ಮುಟ್ಟುವಂತಿಲ್ಲ. ಹಾಗಾಗಿ ಅದಕ್ಕೂ ಮೊದಲು ಮಗುವಿನ ಕೈಗೊಂದು ನಾಣ್ಯ ಬರುತ್ತದೆ. ಬಡವರಿಗೆಂದು ಇಟ್ಟ ಆ ಡಬ್ಬಿಯ ಸೀಳು ಕಿರಿದು, ಎಳೆಯ ಬೆರಳಿಗೆ ಗುರಿ ಸಿಗುವುದಿಲ್ಲ. ನಾಣ್ಯ ಎರಡು ಸಲ ಜಾರಿ ಮೂರನೇ ಸಲ ಠಣ್ ಎನ್ನುತ್ತದೆ. ತಾಯಿ ಕಡ್ಡಿ ಗೀರದೆ ಕಾಯುತ್ತಾಳೆ. ಹೀಗೆ ಕೊಡುವುದಕ್ಕೆ ಅವರಲ್ಲಿ ‘ತ್ಸೆದಾಕಾ’ ಎಂದು ಹೆಸರು. ದಾನ ಎಂದು ಕನ್ನಡಿಸಿದರೆ ಅರ್ಧ ಅರ್ಥ ಸೋರಿಹೋಗುತ್ತದೆ, ಏಕೆಂದರೆ ಹೀಬ್ರೂವಿನಲ್ಲಿ ಅದರ ಬೇರು ನ್ಯಾಯ ಎಂಬ ಪದದಲ್ಲಿದೆ. ಕೊಡುವವನು ದೊಡ್ಡವನಾಗುವುದಿಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುತ್ತಾನೆ ಅಷ್ಟೆ. ಇನ್ನೊಬ್ಬರ ತ್ಸೆದಾಕಾದಿಂದಲೇ ಬದುಕುವ ಬಡವನೂ ಅದರಲ್ಲಿ ಸ್ವಲ್ಪ ಕೊಡಬೇಕೆಂಬ ನಿಯಮವಿದೆ. 12ನೇ ಶತಮಾನದ ಯೆಹೂದಿ ಪಂಡಿತ ಮೈಮೋನಿಡೀಸ್ ತ್ಸೆದಾಕಾದಲ್ಲಿ 8 ಮೆಟ್ಟಿಲುಗಳನ್ನು ಗುರುತಿಸಿದರು. ಎಲ್ಲಕ್ಕಿಂತ ಮೇಲಿನದು, ಒಬ್ಬನನ್ನು ಅವನ ಕಾಲ ಮೇಲೆ ನಿಲ್ಲಿಸುವುದು. ನಾಣ್ಯ ಹಾಕುವ ಮಗುವಿಗೆ ಇಷ್ಟೆಲ್ಲ ಈಗಲೇ ತಿಳಿಯಬೇಕಿಲ್ಲ.

ಇನ್ನು ಹನುಕ್ಕಾ ಎಂಬ ದೀಪದ ಹಬ್ಬ. ಅದರಲ್ಲಿ ಮೊದಲ ರಾತ್ರಿ ಒಂದು ದೀಪ, ಹೀಗೆ ಏರುತ್ತ ಎಂಟನೆಯ ರಾತ್ರಿ ಎಂಟು. ಎಂಟರಿಂದ ಶುರುಮಾಡಿ ಇಳಿಸುತ್ತ ಬನ್ನಿ ಎಂದು ವಾದಿಸಿದವರೂ ಇದ್ದರು, ಶಮ್ಮಾಯಿ ಎಂಬ ಗುರುವಿನ ಶಿಷ್ಯರು. ಏರಿಸುತ್ತ ಹೋಗಿ ಎಂದ ಇನ್ನೊಬ್ಬ ಗುರು ಹಿಲ್ಲೆಲನ ಶಿಷ್ಯರ ಮಾತು ಗೆದ್ದಿತು, ಆದರೆ ಸೋತವರ ವಾದವನ್ನೂ ತಾಲ್ಮುದ್ ಕಾಪಿಟ್ಟಿದೆ. ದೀಪ ಎಣಿಸುವ ಮಗುವಿಗೆ ಜಗಳವನ್ನೂ ಗೌರವದಿಂದ ಕಲಿಸಬಹುದು.

ಒಂದು ತಕರಾರು ಮಾತ್ರ ಹೇಳಿಬಿಡುತ್ತೇನೆ. ಇವೆಲ್ಲ ‘ಚಟುವಟಿಕೆ’ ಎಂಬ ಹೆಸರು ಹೊತ್ತು ಶಾಲೆಗೆ ಬಂದಾಗ ಬಣ್ಣದ ಕಾಗದ, ಗೋಂದು, ಮಿನುಗುಪುಡಿಯಾಗಿಬಿಡುತ್ತವೆ. ಕಾಗದದ ದೀಪ ಗೋಡೆಗೆ ಅಂಟುತ್ತದೆ, ಫೋಟೊ ಪೋಷಕರಿಗೆ ಹೋಗುತ್ತದೆ. ಅದನ್ನು ನೋಡಿ “ಇದ್ಯಾಕೆ?” ಎಂದು ಯಾವ ಮಗುವೂ ಕೇಳುವುದಿಲ್ಲ. ಉಪ್ಪುನೀರಿಗೆ ಇರುವ ಚುರುಕು ಅದಕ್ಕಿಲ್ಲ.

ಪೆಸಾಖ್ ಮೇಜಿಗೆ ಮರಳೋಣ. ಹುಳಿಯಿಲ್ಲದ ಮೂರು ರೊಟ್ಟಿಗಳಲ್ಲಿ ನಡುವಿನದನ್ನು ಮುರಿದು, ಒಂದು ತುಂಡನ್ನು ಬಚ್ಚಿಡುವ ರೂಢಿ ಹಲವು ಮನೆಗಳಲ್ಲಿದೆ. ಊಟದ ಕೊನೆಗೆ ಅದನ್ನು ತಿನ್ನದೆ ವಿಧಿ ಮುಂದಕ್ಕೆ ಹೋಗದು. ಹುಡುಕಿ ತಂದ ಮಗು ತುಂಡನ್ನು ಬೆನ್ನ ಹಿಂದೆ ಹಿಡಿದು, “ಏನು ಕೊಡ್ತೀಯ ಅಜ್ಜ?” ಎಂದು ಚೌಕಾಸಿಗೆ ನಿಲ್ಲುತ್ತದೆ. ಅಜ್ಜ ಒಂದು ಉಡುಗೊರೆಗೆ ಮಾತು ಕೊಡುವ ತನಕ ಇಡೀ ಮನೆ ಕಾಯುತ್ತ ಕೂತಿರುತ್ತದೆ. ನಮ್ಮ ತರಗತಿಯಲ್ಲಿ ಅಂಥದೊಂದು ತುಂಡನ್ನು ಎಲ್ಲಿ ಬಚ್ಚಿಡಬಹುದು ಎಂಬುದನ್ನು ಮೊದಲ ಗೋಷ್ಠಿಯ ಗೆಳೆಯರಿಗೆ ಬಿಟ್ಟು, ನಾನು ಕೂರುತ್ತೇನೆ.